ತಾರತಮ್ಯದ ವಿನೋದ

ಕವಿಗಳನ್ನು ಎಣಿಸಲು ಕುಳಿತ ಹಿಂದಿನ ಕಾಲದ ರಸಿಕನೊಬ್ಬನು ಮೊದಲು ಕಿರುಬೆರಳನ್ನು ಮಡಿಸಿ ಕಾಳಿದಾಸನೆಂದನಂತೆ. ಎರಡನೆಯ ಬೆರಳಿಗೆ ಬರುವಷ್ಟರಲ್ಲಿ ಅವನಿಗೆ ಸಮನಾದ ಇನ್ನೊಬ್ಬ ಕವಿಯ ಹೆಸರು ದೊರೆಯದೆ ಹೋದುದರಿಂದ, ಅನಾಮಿಕೆಯೆಂಬ ಆ ಬೆರಳಿನ ಹೆಸರು ಇಂದಿಗೂ ಅನ್ವರ್ಥವಾಗಿಯೇ ಉಳಿದಿದೆ ಎಂಬುದು ಸಂಸ್ಕೃತದಲ್ಲಿ ಬಹುಕಾಲದಿಂದ ಬಾಯಿಂದ ಬಾಯಿಗೆ ಬಂದಿರುವ ಚಾಟುಶ್ಲೋಕವೊಂದರ ಭಾವ. ಪಂಡಿತರು ಇದನ್ನು ಕಾಳಿದಾಸಪ್ರಶಂಸೆಯೆಂದು ಉದಾಹರಿಸುತ್ತಾರೆ, ಪ್ರಶಂಸೆಯೂ ಹೌದು. ಆದರೆ ಶ್ರೇಯಾಂಕದ ಪಟ್ಟಿಯೊಂದನ್ನು ಕಟ್ಟಲು ತೊಡಗಿ, ಮೊದಲನೆಯ ಹೆಸರನ್ನು ನುಡಿದೊಡನೆಯೇ ಪಟ್ಟಿಯನ್ನು ನಗೆಯಲ್ಲಿ ಕರಗಿಸಿಬಿಟ್ಟ ಚತುರಬುದ್ಧಿಯೊಂದು ಅಲ್ಲಿ ಕೆಲಸ ಮಾಡಿರುವುದನ್ನೂ ನಾವು ಕಾಣಬೇಕು. ಕಾಳಿದಾಸನೇ ಸರ್ವಶ್ರೇಷ್ಠನೆಂದು ಬರಿಯ ವಾಕ್ಯದಲ್ಲಿ ಘೋಷಿಸಿದ್ದರೆ ಭವಭೂತಿಯ ಅಭಿಮಾನಿಯು ಒಡನೆಯೇ ವಾದಕ್ಕೆ ನಿಲ್ಲುತ್ತಿದ್ದನು. ಬೆರಳಿನ ಹೆಸರನ್ನೇ ಸಾಕ್ಷಿಗೆ ಕರೆದ ಮಾತಿಗೆ ಅವನೂ ಮೊದಲು ನಕ್ಕು, ಆಮೇಲೆ ತನ್ನ ಕವಿಗಾಗಿ ಬೇರೊಂದು ಚಾಟುವನ್ನು ಅರಸತೊಡಗುವನು. ಮೂವರು ಕವಿಗಳಿಗೆ ಒಂದೊಂದು ಗುಣದಲ್ಲಿ ಪ್ರಥಮಸ್ಥಾನವನ್ನು ಹಂಚಿಕೊಟ್ಟು, ಕಡೆಗೆ ಆ ಮೂರು ಗುಣಗಳೂ ಮಾಘನೊಬ್ಬನಲ್ಲಿಯೇ ಇವೆಯೆಂದು ತನ್ನ ಪಕ್ಷಪಾತವನ್ನು ಹೊರಗೆಡಹುವ ಇನ್ನೊಂದು ಶ್ಲೋಕ ಹುಟ್ಟಿದ್ದು ಇಂಥ ಕಣದಲ್ಲಿಯೇ ಇರಬೇಕೆಂದು ನನಗೆ ತೋರುತ್ತದೆ. ನಮ್ಮ ಕನ್ನಡದಲ್ಲಿಯೂ ಪೊನ್ನ, ರನ್ನ, ಜನ್ನ ಮೂವರೂ ಕವಿಚಕ್ರವರ್ತಿಗಳೇ. ರಾಷ್ಟ್ರಕೂಟ, ಚಾಲುಕ್ಯ, ಹೊಯ್ಸಳರೆಂಬ ಮೂರು ಅರಸುಮನೆಗಳು ಕೊಟ್ಟ ಈ ಬಿರುದನ್ನು ಒಟ್ಟಿಗೆ ಇಟ್ಟುಕೊಂಡು ಮೂವರನ್ನೂ ಓದಿಕೊಂಡು ಬಂದಿರುವ ನಮ್ಮ ಜನಕ್ಕೆ ಅದರಿಂದ ಯಾವ ಬಾಧೆಯೂ ಆದಂತಿಲ್ಲ.

ಗುಣವಂತರನ್ನು ಸಾಲಾಗಿ ನಿಲ್ಲಿಸಬೇಕೆಂಬ ಆಸೆಯೂ, ಹಾಗೆ ನಿಂತ ಸಾಲನ್ನು ಕಂಡು ನಗಬೇಕೆಂಬ ಆಸೆಯೂ ಮನುಷ್ಯನಲ್ಲಿ ಒಟ್ಟಿಗೇ ಹುಟ್ಟಿದಂತಿವೆ. ಈ ಕಾಲದ ಜನಪ್ರಿಯ ಸಂಸ್ಕೃತಿಯಲ್ಲಿ ಹಾಡುಗಳಿಗೆ, ಚಲನಚಿತ್ರಗಳಿಗೆ, ಆಟಗಾರರಿಗೆ, ತಿಂಡಿತಿನಿಸುಗಳಿಗೆ ಕೂಡ ಒಂದರಿಂದ ಹತ್ತರವರೆಗಿನ ಸ್ಥಾನಗಳನ್ನು ಕಟ್ಟುವ ಪದ್ಧತಿ ಎಷ್ಟು ಹಬ್ಬಿದೆಯೆಂದರೆ, ವಿಚಾರವಂತರಾದವರು ಅದನ್ನು ಕಂಡು ಬೇಸರಪಡುವುದು ಸಹಜವೇ ಆಗಿದೆ. ರಸವನ್ನು ಅಂಕಿಗೆ ಇಳಿಸುವುದು ಅರಸಿಕತೆಯೆಂದೂ, ಓದುವ ಶ್ರಮಕ್ಕೆ ಅಂಜಿದ ಮನಸ್ಸು ಪಟ್ಟಿಯ ಆಸರೆ ಹಿಡಿಯುತ್ತದೆಯೆಂದೂ ಅವರು ಹೇಳುತ್ತಾರೆ. ಈ ಆಕ್ಷೇಪದಲ್ಲಿ ಸತ್ಯಾಂಶ ಇಲ್ಲದಿಲ್ಲ. ಅದನ್ನು ಮುಂದೆ ಪರಿಶೀಲಿಸೋಣ. ಆದರೆ ಪಟ್ಟಿಯನ್ನು ಪ್ರೀತಿಸುವ ಸಾಮಾನ್ಯ ಜನರು ಅದು ಕೊಡುವ ತೀರ್ಪಿಗಾಗಿ ಅದನ್ನು ಪ್ರೀತಿಸುತ್ತಾರೆಂದು ಭಾವಿಸಿರುವಲ್ಲಿ ಈ ಆಕ್ಷೇಪಕರು ಎಡವಿದ್ದಾರೆ. ತೀರ್ಪನ್ನು ಒಪ್ಪದಿರಲು, ಅಲ್ಲವೆಂದು ತಲೆಯಾಡಿಸಲು, ತನ್ನದೇ ಆದ ಇನ್ನೊಂದು ಸಾಲನ್ನು ಕಟ್ಟಲು ಪಟ್ಟಿಯು ಪ್ರತಿಯೊಬ್ಬನಿಗೂ ಕೊಡುವ ಸಲಿಗೆಯೇ ಅದರ ಆಕರ್ಷಣೆಯ ಮೂಲವೆಂಬುದು ನನ್ನ ಅಭಿಪ್ರಾಯ. ನಗೆಯು ಈ ಸಲಿಗೆಯ ರಕ್ಷಕ.

ನಮ್ಮ ದೇಶದ ಅತ್ಯಂತ ಪ್ರಸಿದ್ಧವಾದ ಪಟ್ಟಿಯನ್ನೇ ಮೊದಲು ನೋಡಬಹುದು. ಬಿ.ವಿ. ಕೇಸ್ಕರ್ ಅವರು ವಾರ್ತಾ ಮತ್ತು ಪ್ರಸಾರ ಖಾತೆಯ ಮಂತ್ರಿಗಳಾಗಿ, ಚಲನಚಿತ್ರಗೀತೆಗಳಿಗೆ ಆಕಾಶವಾಣಿಯಲ್ಲಿ ಅವಕಾಶ ಕುಗ್ಗಿದ 1952ರಲ್ಲಿಯೇ, ಡಿಸೆಂಬರ್ ತಿಂಗಳ ಒಂದು ಬುಧವಾರ, ರೇಡಿಯೋ ಸಿಲೋನಿನಿಂದ ಬಿನಾಕಾ ಗೀತಮಾಲಾ ಎಂಬ ಕಾರ್ಯಕ್ರಮ ಮೊದಲಾಯಿತು. ಅಮೀನ್ ಸಯಾನಿಯವರ ಕಂಠವನ್ನು ಮುಂಬಯಿಯಲ್ಲಿ ಮುದ್ರಿಸಿ ಕೊಲಂಬೋ ನಗರಕ್ಕೆ ಕಳುಹಿಸಿಕೊಡುತ್ತಿದ್ದರು. ಹಣ ಒದಗಿಸುತ್ತಿದ್ದದ್ದು ಹಲ್ಲುಜ್ಜುವ ಪೇಸ್ಟಿನ ಕಂಪನಿ. ಆರಂಭದಲ್ಲಿ ಏಳು ಹಾಡುಗಳು ಸ್ಥಾನಭೇದವಿಲ್ಲದೆ ಬರುತ್ತಿದ್ದವು. ಮೇಲುಕೀಳಿನ ಕ್ರಮ ಬಂದ ಮೇಲೆ ಕಾರ್ಯಕ್ರಮದ ಸ್ವರೂಪವೇ ಬದಲಾಯಿತು. ಕ್ರಮಾಂಕವೆನ್ನದೆ ಮೆಟ್ಟಿಲು ಎಂಬರ್ಥದ ‘ಪಾಯದಾನ್’ ಎಂಬ ಮಾತನ್ನು ಸಯಾನಿಯವರು ಬಳಸಿದರು. ಕೆಳಗಿನ ಮೆಟ್ಟಿಲಿನಿಂದ ಒಂದೊಂದಾಗಿ ಏರುತ್ತ, ಹೋದ ವಾರ ಇಂಥ ಹಾಡು ಎಲ್ಲಿತ್ತು, ಈ ವಾರ ಎಲ್ಲಿಗೆ ಜಾರಿತು, ಯಾವುದು ಯಾವುದನ್ನು ಹಿಂದಿಕ್ಕಿತು ಎಂದು ಅಣ್ಣತಮ್ಮಂದಿರ ಯೋಗಕ್ಷೇಮವನ್ನು ಹೇಳುವವರಂತೆ ಹೇಳುತ್ತ, ಕೊನೆಗೆ ಕಹಳೆ ಮೊಳಗಿಸಿ ‘ಸರ್ತಾಜ್ ಗೀತ್’ ಅನ್ನು ಕೇಳಿಸುತ್ತಿದ್ದರು. ಆ ಹಾಡನ್ನು ಶ್ರೋತೃಗಳು ಅದಾಗಲೇ ಹತ್ತಾರು ಸಲ ಕೇಳಿರುತ್ತಿದ್ದರು. ಅದು ಮೊದಲನೆಯದೆಂಬುದನ್ನು ಊಹಿಸಿಯೂ ಇರುತ್ತಿದ್ದರು. ಆದರೂ ರಾತ್ರಿ ಎಂಟು ಗಂಟೆಗೆ ರೇಡಿಯೋ ಇದ್ದ ಮನೆಗೆ ನೆರೆಹೊರೆಯವರು ಬಂದು ಸೇರುತ್ತಿದ್ದರಲ್ಲ, ನೋಟುಪುಸ್ತಕದಲ್ಲಿ ವಾರವಾರದ ಕ್ರಮವನ್ನು ಬರೆದಿಡುವವರು ಊರೂರಲ್ಲಿಯೂ ಇದ್ದರಲ್ಲ, ಅದಕ್ಕೆ ಕಾರಣವೇನು?

ಕಾರಣ ಕಥನದಲ್ಲಿದೆ. ಒಂದನೆಯದನ್ನು ಮೊದಲು ಹೇಳಿಬಿಟ್ಟರೆ ಪಟ್ಟಿ ಅಲ್ಲಿಗೇ ಸತ್ತಿತು; ಹತ್ತರಿಂದ, ಹದಿನಾರರಿಂದ, ಕೆಳಗಿನಿಂದ ಏರಿಬಂದರೆ ಮಾತ್ರ ಅದು ಕಥೆಯಾಗುತ್ತದೆ. ಪಾತ್ರಗಳಿಲ್ಲದ, ಪ್ರಸಂಗವಿಲ್ಲದ, ನಾಯಕನ ಹೆಸರು ಕಡೆಯ ಕ್ಷಣದಲ್ಲಿ ಮಾತ್ರ ತಿಳಿಯುವ ಕಥೆ ಅದು. ಶಾಸ್ತ್ರಕಾರರು ನಾಟಕದ ಸಂಧಿಗಳನ್ನು ವಿವರಿಸುವಾಗ ಫಲಪ್ರಾಪ್ತಿಯ ಆಸೆ ಕುದುರುವುದನ್ನೂ, ನಡುವೆ ಕೈತಪ್ಪಿದಂತೆ ತೋರುವುದನ್ನೂ, ಕೊನೆಗೆ ನಿಶ್ಚಯವಾಗುವುದನ್ನೂ ಹೇಳುತ್ತಾರಷ್ಟೆ. ನಾಲ್ಕನೆಯ ಮೆಟ್ಟಿಲಿನಲ್ಲಿ ಪ್ರಿಯವಾದ ಹಾಡಿನ ಹೆಸರು ಕೇಳಿಸಲಿಲ್ಲವಾಗಿ ಮೇಲೆ ಇರಬಹುದೆಂದು ಹಿಗ್ಗಿ, ಎರಡನೆಯದರಲ್ಲಿಯೂ ಇಲ್ಲದಾಗ ಎದೆ ಡವಗುಟ್ಟುವ ಹುಡುಗನು ಅವೆಲ್ಲವನ್ನೂ ಒಂದು ಗಂಟೆಯಲ್ಲಿ ಅನುಭವಿಸುತ್ತಿದ್ದನು. ತನ್ನ ಹಾಡು ಪಟ್ಟಿಯಲ್ಲಿಯೇ ಇಲ್ಲವೆಂದು ತಿಳಿದ ಮೇಲೆ ಅವನ ನಿಜವಾದ ಕೆಲಸ ಆರಂಭವಾಗುತ್ತಿತ್ತು. ಮರುದಿನ ಬೆಳಗ್ಗೆ ಶಾಲೆಯ ದಾರಿಯಲ್ಲಿ, ಹೋಟೆಲಿನ ಬೆಂಚಿನ ಮೇಲೆ, ಸಯಾನಿಯವರ ಲೆಕ್ಕವನ್ನು ಅಲ್ಲಗಳೆಯುವ ವಾದಗಳು ನಡೆಯುತ್ತಿದ್ದವು. ಸಂಗೀತಶಾಸ್ತ್ರದ ಗಂಧವಿಲ್ಲದವನೂ ಒಂದು ರಾಗವನ್ನು ಇನ್ನೊಂದರೊಡನೆ, ಒಂದು ಕಂಠವನ್ನು ಇನ್ನೊಂದರೊಡನೆ ತೂಗಿ ನೋಡಿ ತನ್ನ ಮೆಚ್ಚುಗೆಗೆ ಕಾರಣ ಕೊಡುವುದನ್ನು ಕಲಿತದ್ದು ಹೀಗೆ. ಕಾರಣ ಕೊಡುವುದನ್ನು ಕಲಿಯುವುದೇ ವಿಮರ್ಶೆಯ ಪ್ರಥಮಸೋಪಾನವಲ್ಲವೆ? ಈ ದೃಷ್ಟಿಯಿಂದ, ತಪ್ಪಾದ ಪಟ್ಟಿಯೇ ಸರಿಯಾದ ಪಟ್ಟಿಗಿಂತ ಹೆಚ್ಚು ಉಪಕಾರ ಮಾಡುತ್ತದೆಂದು ಹೇಳಲು ನಾನು ಹಿಂಜರಿಯುವುದಿಲ್ಲ.

ಎಣಿಕೆಯೆಲ್ಲವೂ ತಾರತಮ್ಯವಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಉದ್ಯೋಗಪರ್ವದಲ್ಲಿ ನಿದ್ರೆ ಬಾರದೆ ಹೊರಳುತ್ತಿದ್ದ ಧೃತರಾಷ್ಟ್ರನು ನಡುರಾತ್ರಿಯಲ್ಲಿ ವಿದುರನನ್ನು ಕರೆಸಿಕೊಂಡಾಗ, ವಿದುರನು ಒಂದೆಂಬ ಸಂಖ್ಯೆಯ ವಿಷಯಗಳಿಂದ ತೊಡಗಿ, ಎರಡಾಗಿರತಕ್ಕವು, ಮೂರಾಗಿರತಕ್ಕವು ಎಂದು ಏರುತ್ತ ಹತ್ತರ ಪಟ್ಟಿಗೆ ಬಂದು ಧರ್ಮವನ್ನು ಅರಿಯದ ಹತ್ತು ಮಂದಿಯನ್ನು ಹೆಸರಿಸುತ್ತಾನೆ. ಕುಡಿದವನು, ಹುಚ್ಚನು, ಕುಪಿತನು ಇವರೊಡನೆ ದಣಿದವನನ್ನೂ ಹಸಿದವನನ್ನೂ ಸೇರಿಸಿರುವುದರಲ್ಲಿ ಆ ಋಷಿಕವಿಯ ಲೋಕಾನುಭವ ಮತ್ತು ಕರುಣೆ ಎರಡೂ ಕಾಣುತ್ತವೆ. ಕುದಿಯುತ್ತಿರುವ ಮನಸ್ಸಿಗೆ ಲೋಕವೆಲ್ಲ ಕಲಸಿಹೋದಂತೆ ತೋರುತ್ತಿರುವಾಗ, ಬಿಡಿಬಿಡಿಯಾಗಿ ಎಣಿಸಿಕೊಡುವುದೇ ಒಂದು ಬಗೆಯ ಸಾಂತ್ವನ. ಆದರೆ ಈ ಹತ್ತು ಮಂದಿಯಲ್ಲಿ ಮೊದಲನೆಯವನು ಹೆಚ್ಚು, ಕಡೆಯವನು ಕಡಮೆ ಎಂಬುದಿಲ್ಲ. ನಮ್ಮ ಉಡುಪಿಯ ಆಚಾರ್ಯರ ಮತದಲ್ಲಿಯಾದರೋ ತಾರತಮ್ಯಜ್ಞಾನವು ಮೋಕ್ಷಕ್ಕೆ ಬೇಕಾದ ಸಾಧನ. ಅಲ್ಲಿ ಕಕ್ಷ್ಯೆಗಳ ಕ್ರಮವನ್ನು ಪರಮಗಾಂಭೀರ್ಯದಿಂದ ವಿಚಾರಿಸಿದ್ದಾರೆ. ಎಣಿಕೆಯು ಒಂದೆಡೆ ಸ್ಮೃತಿಗೆ ಸಹಾಯ, ಇನ್ನೊಂದೆಡೆ ಸಿದ್ಧಾಂತ. ವಿನೋದವು ಈ ಎರಡಕ್ಕೂ ಹೊರಗೆ ತನ್ನ ಜಾಗವನ್ನು ಕಂಡುಕೊಂಡಿತು.

ಸಾವಿರ ವರ್ಷಗಳ ಹಿಂದೆ ಜಪಾನಿನ ಅರಮನೆಯಲ್ಲಿ ಸಾಮ್ರಾಜ್ಞಿ ತೇಶಿಯ ಪರಿವಾರದವಳಾಗಿದ್ದ ಸೇಯ್ ಶೋನಾಗೊನ್ ಎಂಬಾಕೆಯ ‘ದಿಂಬಿನ ಹೊತ್ತಗೆ’ಯಲ್ಲಿ ಅಂಥ ಪಟ್ಟಿಗಳು ತುಂಬಿವೆ. ಮೈ ಉರಿಸುವ ಸಂಗತಿಗಳು ಎಂಬ ಅವಳ ಒಂದು ಪಟ್ಟಿಯಲ್ಲಿ, ತುರ್ತು ಕೆಲಸವಿರುವಾಗ ಬಂದು ಕುಳಿತು ಏಳದೆ ಮಾತನಾಡುವ ಅತಿಥಿ, ಶಾಯಿ ತೇಯುವ ಕಲ್ಲಿನಲ್ಲಿ ಸಿಕ್ಕಿಕೊಂಡ ಕೂದಲೆಳೆ, ಕಣ್ಣು ಮುಚ್ಚುವಾಗ ಸಣ್ಣ ದನಿಯಲ್ಲಿ ತನ್ನ ಆಗಮನವನ್ನು ಸಾರುತ್ತ ಮುಖದ ಸುತ್ತ ಸುಳಿಯುವ ಸೊಳ್ಳೆ, ಇವು ಒಂದರ ಪಕ್ಕ ಒಂದು ನಿಲ್ಲುತ್ತವೆ. ಅವಳು ಅಂಕಿ ಹಾಕಲಿಲ್ಲ. ಅತಿಥಿಗೂ ಸೊಳ್ಳೆಗೂ ಒಂದೇ ಪಂಕ್ತಿಯಲ್ಲಿ ಮಣೆ ಹಾಕಿದ್ದೇ ಸಾಕಾಯಿತು. ಓದುವವನು ತನ್ನ ಮನೆಯ ಅತಿಥಿಯನ್ನೂ ತನ್ನ ಕೋಣೆಯ ಸೊಳ್ಳೆಯನ್ನೂ ನೆನೆದು ನಗುತ್ತಾನೆ. ವಿಜಾತೀಯ ವಸ್ತುಗಳ ಸಾಮೀಪ್ಯವೇ ಈ ನಗೆಯ ಬೀಜ. ಇಲ್ಲಿಗೆ ಸ್ಥಾನಸಂಖ್ಯೆಯೂ ಬಂದು ಸೇರಿದರೆ ಇನ್ನೊಂದು ಬಗೆಯ ನಗೆ ಹುಟ್ಟುತ್ತದೆ. ಅದನ್ನು ಪೂರ್ಣವಾಗಿ ಸಾಧಿಸಿದವರು ಅಮೆರಿಕೆಯ ದೂರದರ್ಶನದವರು.

ಡೇವಿಡ್ ಲೆಟರ್‌ಮನ್ ಎಂಬ ವಿನೋದಕಾರನು ಎನ್‌ಬಿಸಿ ವಾಹಿನಿಯ ತನ್ನ ತಡರಾತ್ರಿಯ ಕಾರ್ಯಕ್ರಮದಲ್ಲಿ 1985ರ ಸೆಪ್ಟೆಂಬರ್ 18ರಂದು ಮೊದಲ ‘ಟಾಪ್ ಟೆನ್’ ಪಟ್ಟಿಯನ್ನು ಓದಿದನು. ಪತ್ರಿಕೆಗಳು ವರ್ಷದ ಹತ್ತು ಇಂಥವರು, ದೇಶದ ಹತ್ತು ಅಂಥವು ಎಂದು ನಿಷ್ಠೆಯಿಂದ ಅಚ್ಚುಮಾಡುತ್ತಿದ್ದ ಕಾಲ. ಅವನು ಆರಿಸಿಕೊಂಡ ವಿಷಯವಾದರೋ ಬಟಾಣಿಗೆ ಇಂಗ್ಲಿಷಿನಲ್ಲಿರುವ ‘ಪೀಸ್’ ಎಂಬ ಶಬ್ದಕ್ಕೆ ಹೆಚ್ಚುಕಡಮೆ ಪ್ರಾಸವಾಗುವಂಥ, ಎಂದರೆ ಪ್ರಾಸವಾಗದೆ ಹೋಗುವಂಥ, ಹತ್ತು ಶಬ್ದಗಳು. ಪ್ರಾಸಕ್ಕಾಗಿ ಶತಮಾನಗಳ ಕಾಲ ತಲೆ ಕೆಡಿಸಿಕೊಂಡ ಕಾವ್ಯಪರಂಪರೆಗೆ ಸೇರಿದ ನಮಗೆ ಈ ಚೇಷ್ಟೆಯ ಸ್ವಾರಸ್ಯ ಬೇಗನೆ ತಿಳಿಯುತ್ತದೆ. ಹತ್ತರಿಂದ ಒಂದರವರೆಗೆ ಗಂಭೀರವದನನಾಗಿ ಓದಿಕೊಂಡು ಬಂದು, ಎರಡನೆಯ ಸ್ಥಾನದಲ್ಲಿ ‘ಲೀಕ್ಸ್’ ಎಂಬುದನ್ನೂ ಒಂದನೆಯ ಸ್ಥಾನದಲ್ಲಿ ‘ಮೀಟ್ಸ್’ ಎಂಬುದನ್ನೂ ಅವನು ಘೋಷಿಸಿದನು. ಮಾಂಸವು ಸೋರಿಕೆಗಿಂತ ಯಾವ ಗುಣದಲ್ಲಿ ಮೇಲು? ಯಾವ ಗುಣದಲ್ಲಿಯೂ ಅಲ್ಲ. ಆದರೂ ಒಂದು ಎಂಬ ಅಂಕಿ ಬಂದೊಡನೆ ಸಭೆಯು ಕಿವಿ ನಿಮಿರಿಸಿ ಕೇಳುತ್ತದೆ, ಹಾಗೆ ಕೇಳಿದ ತನ್ನ ಮರುಳನ್ನು ಕಂಡುಕೊಂಡು ನಗುತ್ತದೆ. ಮುಂದೆ ಬಂದ ಪಟ್ಟಿಗಳಲ್ಲಿ ರಾಜಕಾರಣಿಗಳೂ ನಟರೂ ಊರ ಹವಾಮಾನವೂ ವಸ್ತುವಾದುವು; ಆದರೆ ಆ ಮೊದಲ ಪಟ್ಟಿಯಲ್ಲಿ ವಸ್ತುವೇ ಇಲ್ಲದೆ ರೂಪವೊಂದೇ ನಿಂತಿದ್ದುದರಿಂದ, ರೂಪದ ಶಕ್ತಿಯೆಷ್ಟೆಂಬುದು ಅಲ್ಲಿ ಬೆಳ್ಳಗೆ ಕಾಣುತ್ತದೆ.

ಆ ಪಟ್ಟಿಯು ಯಾವುದೋ ಊರಿನ ‘ಹೋಮ್ ಆಫೀಸ್’ನಿಂದ ಈಗ ತಾನೇ ಬಂದಿದೆಯೆಂದು ಲೆಟರ್‌ಮನ್ ಹೇಳುವುದು ರೂಢಿಯಾಯಿತು. ಅಂಥ ಪ್ರಧಾನ ಕಚೇರಿಯೊಂದು ಎಲ್ಲಿಯೂ ಇರಲಿಲ್ಲ. ಕಾಲಕಾಲಕ್ಕೆ ಅದು ಅಯೋವಾ ರಾಜ್ಯದ ಸೂ ಸಿಟಿಯಲ್ಲಿ, ನೆಬ್ರಾಸ್ಕಾದ ವಾಹೂ ಎಂಬ ಪುಟ್ಟ ಊರಿನಲ್ಲಿ, ಹೀಗೆ ನೆಲೆ ಬದಲಿಸುತ್ತಿತ್ತು. ತಾರತಮ್ಯವನ್ನು ನಿರ್ಣಯಿಸುವ ಅಧಿಕಾರ ಎಲ್ಲಿದೆಯೆಂದು ಕೇಳುವವನಿಗೆ ಇಷ್ಟು ನೇರವಾದ ಉತ್ತರವನ್ನು ಗಂಭೀರವಾದ ಯಾವ ಪಟ್ಟಿಯೂ ಕೊಟ್ಟಿಲ್ಲ. ಕೊನೆಯ ಅಂಕಿಗೆ ಮುನ್ನ ಡೋಲು ಬಾರಿಸುವುದು, ಓದಿಯಾದ ಮೇಲೆ ಕೈಯಲ್ಲಿದ್ದ ಕಾರ್ಡನ್ನು ಹಿಂದಿನ ಕಿಟಕಿಯತ್ತ ಎಸೆಯುವುದು, ಗಾಜು ಒಡೆದ ಸದ್ದು ಕೇಳಿಸುವುದು, ಇವೆಲ್ಲ ಪಟ್ಟಾಭಿಷೇಕದ ಅನುಕರಣಗಳು. ಕಿರೀಟ ಇಟ್ಟ ಕೈಯೇ ಅದನ್ನು ಎಸೆದುಬಿಡುತ್ತಿತ್ತು. 1993ರಲ್ಲಿ ಅವನು ಸಿಬಿಎಸ್ ವಾಹಿನಿಗೆ ಹೋದಾಗ ಆ ಪಟ್ಟಿಯು ತನ್ನ ಬೌದ್ಧಿಕ ಸ್ವತ್ತೆಂದು ಎನ್‌ಬಿಸಿ ಹಕ್ಕು ಸಾಧಿಸಿತು. ಒಂದರಿಂದ ಹತ್ತರವರೆಗೆ ಎಣಿಸುವುದು ಯಾರ ಸ್ವತ್ತು? ಪಟ್ಟಿ ಹೊಸ ಮನೆಯಲ್ಲಿಯೂ ಮುಂದುವರಿದು, 2015ರ ಮೇ 20ರ ಕಡೆಯ ಕಾರ್ಯಕ್ರಮದವರೆಗೂ ಬಾಳಿತು.

ಇನ್ನು ನಗೆಯ ಲೇಪವಿಲ್ಲದ ಪಟ್ಟಿಗಳಲ್ಲಿ ಅತ್ಯಂತ ಮರ್ಯಾದೆ ಪಡೆದಿರುವುದು, ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆಯು 1952ರಿಂದ ಹತ್ತು ವರ್ಷಗಳಿಗೊಮ್ಮೆ ವಿಮರ್ಶಕರ ಮತ ಪಡೆದು ಪ್ರಕಟಿಸುವ ಶ್ರೇಷ್ಠ ಚಲನಚಿತ್ರಗಳ ಪಟ್ಟಿ. ಮೊದಲ ಸಲ ‘ಬೈಸಿಕಲ್ ಥೀವ್ಸ್’ ಅಗ್ರಸ್ಥಾನ ಪಡೆಯಿತು. ಆಗ ಅದಕ್ಕೆ ನಾಲ್ಕೇ ವರ್ಷ ವಯಸ್ಸು. 1962ರಿಂದ 2002ರವರೆಗಿನ ಐದು ಪಟ್ಟಿಗಳಲ್ಲಿ ‘ಸಿಟಿಜನ್ ಕೇನ್’ ಆ ಸ್ಥಾನದಲ್ಲಿತ್ತು. 2012ರಲ್ಲಿ ಹಿಚ್‌ಕಾಕನ ‘ವರ್ಟಿಗೋ’ ಅದನ್ನು ಕೆಳಗಿಳಿಸಿತು. 2022ರಲ್ಲಿ ಬೆಲ್ಜಿಯಮ್ಮಿನ ಶಾಂತಾಲ್ ಅಕರ್ಮನ್ ಅವರು 1975ರಲ್ಲಿ ತೆಗೆದ, ಬ್ರಸೆಲ್ಸ್ ನಗರದ ವಿಧವೆಯೊಬ್ಬಳು ಆಲೂಗೆಡ್ಡೆ ಸುಲಿಯುವುದನ್ನೂ ಅಡಿಗೆ ಮಾಡುವುದನ್ನೂ ಮೂರು ಗಂಟೆಗೂ ಮೀರಿ ತಾಳ್ಮೆಯಿಂದ ತೋರಿಸುವ ‘ಜಾನ್ ದೀಲ್ಮನ್’ ಚಿತ್ರವು, ಹಿಂದಿನ ಸಲ ಮೂವತ್ತರ ಆಚೆಗೆ ಇದ್ದದ್ದು, ನೇರವಾಗಿ ಮೊದಲನೆಯದಾಯಿತು. ಮಹಿಳೆಯೊಬ್ಬರ ಚಿತ್ರ ಅಲ್ಲಿಗೆ ಏರಿದ್ದು ಅದೇ ಮೊದಲು. ಸತ್ಯಜಿತ್ ರಾಯರ ‘ಪಥೇರ್ ಪಾಂಚಾಲಿ’ 1992ರಲ್ಲಿ ಮೊದಲ ಹತ್ತರೊಳಗಿತ್ತು. ಈಚಿನ ಎರಡು ಪಟ್ಟಿಗಳಲ್ಲಿ ಹತ್ತರ ಹೊರಗಿದೆ. ಆ ಮೂವತ್ತು ವರ್ಷಗಳಲ್ಲಿ ಚಿತ್ರದ ಒಂದು ಚೌಕಟ್ಟೂ ಬದಲಾಗಿಲ್ಲವೆಂಬುದನ್ನು ನೆನೆದರೆ, ಏರಿಳಿದದ್ದು ನೋಡುವವರ ಕಣ್ಣೆಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಈ ಪಟ್ಟಿ ಸಿದ್ಧವಾಗುವ ಬಗೆಯನ್ನು ಅನೇಕರು ಗಮನಿಸಿರಲಾರರು. ಮತದಾರನು ಹತ್ತು ಚಿತ್ರಗಳ ಹೆಸರನ್ನು ಬರೆದು ಕಳುಹಿಸುತ್ತಾನೆ. ಅವನು ಯಾವ ಕ್ರಮದಲ್ಲಿ ಬರೆದರೂ ಪ್ರತಿ ಹೆಸರಿಗೂ ಒಂದೊಂದೇ ಮತ. ಎಂದ ಮೇಲೆ, ಎಲ್ಲರ ಮನಸ್ಸಿನಲ್ಲಿಯೂ ಹತ್ತನೆಯದಾಗಿ, ಯಾರೊಬ್ಬರ ಹೃದಯದಲ್ಲಿಯೂ ಮೊದಲನೆಯದಾಗದ ಚಿತ್ರವೊಂದು ಜಗತ್ತಿನ ಸರ್ವೋತ್ತಮ ಚಿತ್ರವೆನಿಸಿಕೊಳ್ಳುವುದು ಅಸಾಧ್ಯವಲ್ಲ. 2012ರಲ್ಲಿ ಮತವಿತ್ತವರು 846 ಮಂದಿ. ‘ವರ್ಟಿಗೋ’ಗೆ ಬಂದದ್ದು 191, ‘ಸಿಟಿಜನ್ ಕೇನ್’ಗೆ 157. ಮುಕ್ಕಾಲು ಪಾಲಿಗೂ ಹೆಚ್ಚು ಜನ ತಮ್ಮ ಹತ್ತರಲ್ಲಿ ಸೇರಿಸಿಕೊಳ್ಳದ ಚಿತ್ರವೇ ಅಗ್ರಗಣ್ಯವಾಯಿತೆಂದ ಹಾಗಾಯಿತು. ಇದನ್ನು ಪತ್ರಿಕೆಯ ದೋಷವೆಂದು ನಾನು ಎತ್ತಿ ಆಡುತ್ತಿಲ್ಲ. ಅಭಿರುಚಿಗಳನ್ನು ಕೂಡಿಸಿ ಲೆಕ್ಕ ಮಾಡುವ ಯಾವ ಪದ್ಧತಿಯಲ್ಲಿಯೂ ಇಂಥದೊಂದು ವಕ್ರತೆ ಇದ್ದೇ ಇರುತ್ತದೆ. 2022ರ ಫಲಿತಾಂಶ ಬಂದಾಗ ಚಿತ್ರಪ್ರೇಮಿಗಳಲ್ಲಿ ಎದ್ದ ಕೋಲಾಹಲವೂ ಅದರೊಡನೆ, ಹೆಸರನ್ನೇ ಕೇಳದಿದ್ದ ಎಷ್ಟೋ ಜನ ಅಕರ್ಮನ್ ಅವರ ಚಿತ್ರವನ್ನು ಹುಡುಕಿಕೊಂಡು ಹೋಗಿ ನೋಡಿದ್ದೂ ಆ ಪಟ್ಟಿಯ ನಿಜವಾದ ಸಾಫಲ್ಯ. ತೀರ್ಪು ಸರಿಯೇ ತಪ್ಪೇ ಎಂಬುದಕ್ಕಿಂತ ಅದು ಹಿರಿದು.

ಈಗ ಆಕ್ಷೇಪಕ್ಕೆ ಬರೋಣ. ಮೊದಲನೆಯದು ವ್ಯಾಪಾರದ ಮಾತು. ಮಾರಾಟವನ್ನು ಎಣಿಸಿ ಕಟ್ಟಿದ ಪಟ್ಟಿಯು ಮರುವಾರದ ಮಾರಾಟಕ್ಕೆ ಕಾರಣವಾಗುತ್ತದೆ. ಜನ ಕೇಳಿದ್ದರಿಂದ ಹಾಡು ಮೇಲಕ್ಕೇರಿತು, ಮೇಲಕ್ಕೇರಿದ್ದರಿಂದ ಜನ ಕೇಳಿದರು ಎಂಬ ಚಕ್ರದೊಳಗೆ ಸಿಕ್ಕದೆ ಹೋದ ಒಳ್ಳೆಯ ಹಾಡು ಕೆಳಗೇ ಉಳಿಯುತ್ತದೆ. ಇದು ಸತ್ಯ. ಅಮೆರಿಕೆಯ ‘ಬಿಲ್‌ಬೋರ್ಡ್’ ಪತ್ರಿಕೆ 1958ರ ಆಗಸ್ಟಿನಲ್ಲಿ ನೂರು ಹಾಡುಗಳ ಪಟ್ಟಿಯನ್ನು ಆರಂಭಿಸಿದಂದಿನಿಂದ ಅಲ್ಲಿನ ಸಂಗೀತಗಾರರು ಈ ಚಕ್ರದ ಬಿಸಿಯನ್ನು ಉಂಡಿದ್ದಾರೆ. ನಾನು ಇದಕ್ಕೆ ಸಮಾಧಾನ ಹೇಳಲಾರೆ. ಪಟ್ಟಿಯೊಂದನ್ನೇ ನಂಬಿ ಕೇಳುವವನು ತನ್ನ ಕಿವಿಯನ್ನು ಅಂಗಡಿಯವನಿಗೆ ಒಪ್ಪಿಸಿದಂತೆಯೇ ಸರಿ.

ಎರಡನೆಯ ಆಕ್ಷೇಪ ಇನ್ನೂ ಆಳವಾದದ್ದು: ಎಲ್ಲವನ್ನೂ ಸಾಲಿನಲ್ಲಿ ನಿಲ್ಲಿಸುವ ಅಭ್ಯಾಸ ವಿನೋದದಿಂದ ಆರಂಭವಾಗಿ ಮನುಷ್ಯರನ್ನೂ ಹಾಗೆಯೇ ನೋಡುವಂತೆ ಮಾಡುತ್ತದೆಯೆಂಬುದು. ನಮ್ಮ ರಾಜ್ಯದಲ್ಲಿ ಸಿಇಟಿ ಫಲಿತಾಂಶ ಬಂದ ಬೆಳಗ್ಗೆ ಪತ್ರಿಕೆಯ ಮುಖಪುಟದಲ್ಲಿ ಮೊದಲ ರ್‍ಯಾಂಕಿನ ಮಗುವಿಗೆ ತಾಯಿತಂದೆಗಳು ಸಿಹಿ ತಿನ್ನಿಸುತ್ತಿರುವ ಚಿತ್ರವನ್ನು ನೋಡುತ್ತೇವೆ. ಅದೇ ಹೊತ್ತಿಗೆ, ಒಂದೆರಡು ಅಂಕಗಳ ಅಂತರವು ಎಷ್ಟೋ ಸ್ಥಾನಗಳ ಅಂತರವಾಗಿ ಬೆಳೆದು, ಬಯಸಿದ ಸೀಟು ಕೈಗೆ ಸಿಕ್ಕದೆಂದು ತಿಳಿದ ಹುಡುಗಿಯೊಬ್ಬಳು ಇನ್ನೊಂದು ಮನೆಯಲ್ಲಿ ಊಟ ಬಿಟ್ಟು ಕುಳಿತಿರುತ್ತಾಳೆ. ಆ ಸಾಲಿನಲ್ಲಿ ನಗೆಗೆ ಎಡೆಯಿಲ್ಲ. ಅಲ್ಲಿ ನಕ್ಕವನು ಕ್ರೂರಿ. ಅಲ್ಲಿ ಅಂಕಿಯು ಬಾಳನ್ನು ಹಂಚುತ್ತಿರುವುದರಿಂದ ಅದು ಪ್ರಮಾಣಬದ್ಧವಾಗಿರಬೇಕು, ಪ್ರಶ್ನೆ ಕೇಳಿದವರಿಗೆ ಲೆಕ್ಕ ಒಪ್ಪಿಸಬೇಕು. ಹಾಡು ಕವಿತೆ ಸಿನೆಮಾಗಳ ಪಟ್ಟಿ ಯಾರಿಗೂ ಏನನ್ನೂ ಹಂಚುವುದಿಲ್ಲ. ಒಂಬತ್ತನೆಯ ಸ್ಥಾನ ಪಡೆದುದಕ್ಕಾಗಿ ಯಾವ ರಾಗವೂ ತನ್ನ ಮಾಧುರ್ಯವನ್ನು ಕಳೆದುಕೊಂಡುದಿಲ್ಲ. ಹೀಗೆ ಏನೂ ಪಣಕ್ಕೆ ಬೀಳದಿರುವ ಈ ಕ್ಷೇತ್ರದಲ್ಲಿ ತಾರತಮ್ಯವನ್ನು ಆಟವಾಗಿ ಆಡಿ ಬಲ್ಲವನಿಗೆ, ನಿಜವಾದ ಸಾಲುಗಳಲ್ಲಿಯೂ ಅಂಕಿಯು ಯಾರೋ ಎಲ್ಲಿಯೋ ಕುಳಿತು ಹಾಕಿದ್ದೆಂಬ ಎಚ್ಚರ ಉಳಿದಿರುತ್ತದೆಂದು ನಾನು ನಂಬುತ್ತೇನೆ. ಅಭ್ಯಾಸವು ಕೆಡಿಸುವುದೆಂದು ಆಕ್ಷೇಪಿಸುವವರು, ಅಭ್ಯಾಸವು ಎಚ್ಚರಿಸುವುದೂ ಉಂಟೆಂಬುದನ್ನು ಪರಿಗಣಿಸಬೇಕು.

ಈ ಎಚ್ಚರಕ್ಕೆ ಬೇಕಾದ ಸಾಮಗ್ರಿಯನ್ನು ಪಟ್ಟಿ ಮಾಡುವವರೇ ಒದಗಿಸಬಹುದು. ಸೈಟ್ ಅಂಡ್ ಸೌಂಡಿನವರು ಒದಗಿಸಿಯೂ ಇದ್ದಾರೆ. 2022ರಲ್ಲಿ ಮತವಿತ್ತ 1,639 ಮಂದಿ ವಿಮರ್ಶಕರು ಯಾವ ಯಾವ ಹತ್ತು ಚಿತ್ರಗಳನ್ನು ಹೆಸರಿಸಿದರೆಂಬುದನ್ನು, ಎಷ್ಟೋ ಕಡೆ ಅವರ ಸಮರ್ಥನೆಯ ಮಾತುಗಳೊಡನೆ, ಅವರು ಬಿಡಿಬಿಡಿಯಾಗಿ ಪ್ರಕಟಿಸಿದರು. ಒಟ್ಟು ಪಟ್ಟಿಯನ್ನು ಓದಿ ಮುಗಿಸಲು ಐದು ನಿಮಿಷ ಸಾಕು. ಈ ಬಿಡಿ ಪಟ್ಟಿಗಳನ್ನು ಓದಲು ವರ್ಷವೂ ಸಾಲದು. ಅಗ್ರಸ್ಥಾನದ ಚಿತ್ರವನ್ನೇ ಕೈಬಿಟ್ಟವರು ಅಲ್ಲಿ ಬಹುಸಂಖ್ಯಾತರಾಗಿ ಕಾಣಸಿಗುತ್ತಾರೆ. ಒಂದೇ ಒಂದು ಮತ ಪಡೆದು, ಒಟ್ಟು ಪಟ್ಟಿಯ ತೆಕ್ಕೆಗೆ ಎಂದೂ ಬಾರದ ಚಿತ್ರಗಳು ಸಾಲುಸಾಲಾಗಿ ಸಿಗುತ್ತವೆ. ಹೊಸದಾಗಿ ಚಿತ್ರಗಳನ್ನು ನೋಡಲು ತೊಡಗಿರುವ ತರುಣನು ಯಾರಾದರೂ ಎಲ್ಲಿಂದ ಆರಂಭಿಸಲೆಂದು ಕೇಳಿದರೆ, ನಾನು ಅವನನ್ನು ಆ ಒಂದು ಮತದ ಚಿತ್ರಗಳ ಕಡೆಗೆ, ಅವುಗಳಿಗೆ ಮತ ಹಾಕಿದವರು ಬರೆದ ಸಮರ್ಥನೆಯ ಕಡೆಗೆ ಕಳುಹಿಸುವೆನು.